ಮುಟ್ಟಲಿಲ್ಲ ಎಂದು ಹೇಳಲಾರೆ

ಮೊನ್ನೆ ಶಿರಾದ ಅಂಚೆ ಕಚೇರಿಯಲ್ಲಿ ಸಾಲಿನಲ್ಲಿ ನಿಂತಿದ್ದಾಗ ಒಳಗಿನಿಂದ ಅರಗು ಕರಗುವ ವಾಸನೆ ಬಂತು. ಕೌಂಟರಿನ ಹಿಂದೆ ಯಾರೋ ಒಬ್ಬರು ಚೀಲದ ಬಾಯಿ ಕಟ್ಟಿ, ಕೆಂಪು ಅರಗಿನ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು, ಗಂಟಿನ ಮೇಲೆ ತೊಟ್ಟಿಕ್ಕಿಸಿ ಹಿತ್ತಾಳೆಯ ಮೊಹರು ಒತ್ತುತ್ತಿದ್ದರು. ಈ ಕಾಲದಲ್ಲೂ ಅರಗು ಬಳಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ನಿಮಗೆ ಆ ವಾಸನೆಯಿಂದ ಏನು ನೆನಪಾಗುತ್ತದೋ ಕಾಣೆ. ಕಿಟಕಿಯಾಚೆಯ ಹೆಣ್ಣುಮಗಳು "ಏನ್ ಬೇಕಿತ್ತು ಸಾರ್?" ಎಂದು ಎರಡು ಸಲ ಕೇಳಿದಳಂತೆ. ನನಗೆ ಕೇಳಿಸಲಿಲ್ಲ. ನಾನು ಹನ್ನೆರಡು ವರ್ಷ ಹಿಂದಕ್ಕೆ, ಪಾವಗಡದ ಕಡೆಯ ಒಂದು ಖಾಸಗಿ ಕಾಲೇಜಿನ ವರಾಂಡಕ್ಕೆ ಹೋಗಿಬಿಟ್ಟಿದ್ದೆ.

ನನ್ನ ಕಸುಬೇನೆಂದು ಮೊದಲು ಹೇಳಿಬಿಡುತ್ತೇನೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ. ಪಿಯುಸಿ ಮಕ್ಕಳಿಗೆ ಮೂವತ್ತು ವರ್ಷ ತರ್ಕಶಾಸ್ತ್ರ ಹೇಳಿಕೊಟ್ಟವನು ನಾನು. ಲಾಜಿಕ್ ಮೇಷ್ಟ್ರೆಂದರೆ ಕಾಲೇಜಿನಲ್ಲಿ ಯಾರಿಗೂ ಹೆದರಿಕೆಯಿಲ್ಲ. ಓದುವುದು ಕಡಿಮೆ, ಅಂಕ ಜಾಸ್ತಿ ಎಂದು ಮಕ್ಕಳು ಬಂದು ಸೇರುತ್ತಿದ್ದರು. ಮೊದಲ ದಿನವೇ ಬೋರ್ಡಿನ ಮೇಲೆ ‘ತರ್ಕವಾಕ್ಯ’ ಎಂದು ದೊಡ್ಡದಾಗಿ ಬರೆಯುತ್ತಿದ್ದೆ. ನಿಜವೋ ಸುಳ್ಳೋ ಎಂದು ಹೇಳಬಹುದಾದ ಮಾತು ತರ್ಕವಾಕ್ಯ. ‘ಬಾಗಿಲು ಹಾಕು’ ಎಂಬುದು ಅಲ್ಲ, ಅದು ಅಪ್ಪಣೆ. ‘ಊಟ ಆಯಿತೆ?’ ಎಂಬುದೂ ಅಲ್ಲ, ಅದು ಪ್ರಶ್ನೆ. ‘ಬಾಗಿಲು ಹಾಕಿದೆ’ ಎಂಬುದು ತರ್ಕವಾಕ್ಯ. ಹೋಗಿ ನೋಡಿದರೆ ನಿಜ ಸುಳ್ಳು ತಿಳಿಯುತ್ತದೆ. ಅದನ್ನು ಯಾರು ಹೇಳಿದರು, ಯಾರ ಎದುರು ಹೇಳಿದರು, ಕೇಳಿದವರು ಏನೆಂದುಕೊಂಡರು, ಇವೆಲ್ಲ ನಮಗೆ ಬೇಡ ಎನ್ನುತ್ತಿದ್ದೆ. ಬೇಡ ಎನ್ನುವಾಗ ಗಾಳಿಯಲ್ಲೇ ಒಂದು ಕಾಣದ ಬೋರ್ಡನ್ನು ಅಂಗೈಯಿಂದ ಒರೆಸುತ್ತಿದ್ದೆ. ಹಿಂದಿನ ಬೆಂಚಿನವರು ಅದನ್ನೇ ಅಣಕಿಸಿ ನಗುತ್ತಿದ್ದರು.

ಕಸುಬು ಮನೆಗೂ ಅಂಟಿಕೊಂಡು ಬರುತ್ತಿತ್ತು. "ಉಪ್ಪು ಸರಿಯಾಗಿದೆಯಾ?" ಎಂದು ಹೆಂಡತಿ ಕೇಳಿದರೆ, "ಸಾರಿಗೆ ಸರಿಯಾಗಿದೆ, ಪಲ್ಯ ಇನ್ನೂ ಬಾಯಿಗೆ ಹಾಕಿಲ್ಲ" ಎನ್ನುತ್ತಿದ್ದೆ. "ನಿಮ್ಮನ್ನ ಕೇಳಿದ್ದೇ ತಪ್ಪು" ಎಂದು ಆಕೆ ಪಾತ್ರೆ ಎತ್ತಿಕೊಂಡು ಹೋಗುತ್ತಿದ್ದಳು. ಕೇಳಿದ್ದಕ್ಕೆ ಅಳತೆ ಹಿಡಿದು ಉತ್ತರ ಕೊಡುವುದು ದೊಡ್ಡ ಗುಣವೆಂದು ನಾನು ನಂಬಿಕೊಂಡಿದ್ದೆ. ಒಳಗೊಳಗೇ ಸ್ವಲ್ಪ ಜಂಬವೂ ಇತ್ತು.

ಆ ಕಾಲೇಜಿನಲ್ಲಿ ಅಂಜಿನಮ್ಮ ಎಂಬ ಅಟೆಂಡರ್ ಇದ್ದಳು. ನಾಗಲಮಡಿಕೆ ಹತ್ತಿರದ ಹಳ್ಳಿಯವಳು. ಗಂಡ ತೀರಿಕೊಂಡಿದ್ದ. ವಯಸ್ಸಿನಲ್ಲಿ ನನಗಿಂತ ಒಂದೆರಡು ವರ್ಷ ದೊಡ್ಡವಳೇ ಇರಬೇಕು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೋಣೆಗಳ ಬೀಗ ತೆಗೆದು, ಕಸ ಗುಡಿಸಿ, ಕುಡಿಯುವ ನೀರು ತುಂಬಿ, ಆಮೇಲೆ ಗಂಟೆ ಹೊಡೆಯುತ್ತಿದ್ದಳು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ನಾನು ಪಾಠ ಮಾಡುವಾಗ ಹೊರಗೆ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು ಎಂಬುದು ನನಗೆ ಬಹಳ ದಿನ ಗೊತ್ತೇ ಇರಲಿಲ್ಲ. ಒಮ್ಮೆ ಸ್ಟಾಫ್ ರೂಮಿಗೆ ಟೀ ತಂದವಳು ಲೋಟ ಇಟ್ಟು, ಹೋಗದೆ ನಿಂತಳು.

"ಸಾರ್, ಎಲ್ರೂ ಸಾಯ್ತಾರೆ ಎಲ್ರೂ ಸಾಯ್ತಾರೆ ಅಂತ ಮಕ್ಕಳ ಮುಂದೆ ವರ್ಷಾ ವರ್ಷಾ ಹೇಳ್ತೀರಲ್ಲ, ಅವು ಹೆದರ್ಕಳಲ್ವಾ?"

"ಅದು ಉದಾಹರಣೆ ಕಣಮ್ಮ. ಎಲ್ಲ ಮನುಷ್ಯರೂ ಸಾಯುತ್ತಾರೆ, ರಾಮ ಮನುಷ್ಯ, ಆದ್ದರಿಂದ ರಾಮ ಸಾಯುತ್ತಾನೆ."

"ಅದೇ ಮತ್ತೆ. ಕ್ಲಾಸಲ್ಲಿ ರಾಮಾಂಜಿನಿ ಅಂತ ಹುಡ್ಗ ಅವ್ನೆ. ಪಾಪ, ಅವನ ಮುಖ ನೋಡಿದ್ದೀರಾ ನೀವು?"

ನಾನು ನೋಡಿರಲಿಲ್ಲ. ಮರುದಿನದಿಂದ ರಾಮನನ್ನು ಬಿಟ್ಟು ‘ಎಲ್ಲ ಕಾಗೆಗಳೂ ಕಪ್ಪು’ ಎಂಬಲ್ಲಿಗೆ ಹೋದೆ. ಸ್ಟಾಫ್ ರೂಮಿನಲ್ಲಿ ಈ ಕಥೆ ಹೇಳಿ ಎಲ್ಲರನ್ನೂ ನಗಿಸಿದ್ದೆ. ಈಗ ಯೋಚಿಸಿದರೆ ಆ ನಗು ನಾಚಿಕೆ ತರುತ್ತದೆ. ಒಂಬತ್ತು ವರ್ಷ ದಿನವೂ ಆಕೆ ಕೊಟ್ಟ ನೀರು ಕುಡಿದಿದ್ದೆ. ಒಂದು ದಿನ ಸ್ಟಾಫ್ ರೂಮಿನ ಕಸದಲ್ಲಿ ಸಿಕ್ಕ ನನ್ನ ಪೆನ್ನಿನ ಮುಚ್ಚಳವನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟುಕೊಂಡು, ನಾನು ರಜೆ ಮುಗಿಸಿ ಬಂದ ಮೇಲೆ ಬಿಚ್ಚಿ ಕೊಟ್ಟಿದ್ದಳು. ಅಂಥ ಹೆಂಗಸು.

ಪೂರ್ವಸಿದ್ಧತಾ ಪರೀಕ್ಷೆಯ ವಾರ. ಪ್ರಶ್ನೆಪತ್ರಿಕೆಗಳು ಅರಗಿನ ಮೊಹರು ಹಾಕಿದ ದಪ್ಪ ಲಕೋಟೆಗಳಲ್ಲಿ ಬಂದು, ಪ್ರಿನ್ಸಿಪಾಲರ ಪಕ್ಕದ ಕೋಣೆಯ ಬೀರುವಿನಲ್ಲಿದ್ದವು. ಕೋಣೆಯ ಬೀಗದ ಕೈ ಅಂಜಿನಮ್ಮನ ಹತ್ತಿರ ಇತ್ತು, ಗುಡಿಸಬೇಕಲ್ಲ. ಬೀರುವಿನದು ಪ್ರಿನ್ಸಿಪಾಲರ ಹತ್ತಿರ ಒಂದು, ಗುಮಾಸ್ತರ ಹತ್ತಿರ ಒಂದು; ಗುಮಾಸ್ತರದು ಎಷ್ಟೋ ಸಲ ಆ ಕೋಣೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಆ ದಿನ ಬೆಳಿಗ್ಗೆ ನಾನು ಬೇಗ ಬಂದು ಎದುರಿನ ವರಾಂಡದಲ್ಲಿ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ಅಂಜಿನಮ್ಮ ಪೊರಕೆ ಹಿಡಿದು ಆ ಕೋಣೆಗೆ ಹೋದಳು, ಬಾಗಿಲು ಅರ್ಧ ಮುಂದೆ ಮಾಡಿಕೊಂಡಳು, ಕಸದ ಬುಟ್ಟಿ ಎತ್ತಿಕೊಂಡು ಹೊರಗೆ ಬಂದಳು. ನಾನು ನೋಡಿದ್ದು ಇಷ್ಟು. ಹತ್ತು ಗಂಟೆಗೆ ಗುಮಾಸ್ತರು ಬೀರು ತೆಗೆದಾಗ ಒಂದು ಲಕೋಟೆಯ ಮೊಹರು ಒಡೆದಿತ್ತು. ಕೆಂಪು ಅರಗಿನ ಚೂರುಗಳು ಬೀರುವಿನ ತಳದಲ್ಲಿ ಬಿದ್ದಿದ್ದವು. ಮಧ್ಯಾಹ್ನದ ಹೊತ್ತಿಗೆ ಅದೇ ಪ್ರಶ್ನೆಗಳು ಊರಿನ ಟ್ಯೂಷನ್ ಮಕ್ಕಳ ಕೈಯಲ್ಲಿವೆ ಎಂದು ಸುದ್ದಿ ಬಂತು.

ಸಂಜೆಯೊಳಗೆ ಅಂಜಿನಮ್ಮನನ್ನು ಅಮಾನತು ಮಾಡಿದರು. ಬೀರುವಿನ ಬೀಗದ ಕೈ ಇದ್ದವರನ್ನು ಬಿಟ್ಟು ಪೊರಕೆ ಇದ್ದವಳನ್ನು ಹಿಡಿದರು ಎಂದು ನಾವೆಲ್ಲ ಗೊಣಗಿದೆವು. ಗೊಣಗಿ ಬಸ್ಸು ಹತ್ತಿ ಮನೆಗೆ ಹೋದೆವು.

ವಿಚಾರಣೆಗೆಂದು ಆಡಳಿತ ಮಂಡಳಿಯವರು ಕೊರಟಗೆರೆಯಿಂದ ಒಬ್ಬ ಹಿರಿಯ ವಕೀಲರನ್ನು ಕರೆಸಿದ್ದರು. ಸಾಕ್ಷಿಯಾಗಿ ನನ್ನ ಹೆಸರು ಬಂತು. ನನಗೆ ಭಯವಾಗಲಿಲ್ಲ, ಹೇಳುವುದಕ್ಕೇ ನಾಚಿಕೆ, ಹುರುಪಾಯಿತು. ನಿಜ ಸುಳ್ಳಿನ ವಿಷಯ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದುಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಅಂಜಿನಮ್ಮ ಮೂಲೆಯ ಬೆಂಚಿನ ಮೇಲೆ ಕೂತಿದ್ದಳು. ನಾನು ಒಳಗೆ ಬಂದಾಗ ಆಕೆಯ ಮುಖ ಅರಳಿತು. ನಮ್ಮ ಸಾರ್ ಬಂದರು ಎಂಬ ಧೈರ್ಯ ಅದು.

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ" ಎಂದು ವಕೀಲರು ಮೊದಲೇ ಹೇಳಿದರು. ನನಗೆ ಖುಷಿಯೇ ಆಯಿತು. ನನ್ನ ಜೀವನವೇ ಅದಲ್ಲವೇ?

"ಆಕೆ ಕೋಣೆಯೊಳಗೆ ಹೋದದ್ದನ್ನು ನೋಡಿದ್ದೀರಿ ಎಂದರೆ ಸರಿ?"

"ಸರಿ."

"ಬಾಗಿಲು ಅರ್ಧ ಮುಚ್ಚಿತ್ತು ಎಂದರೆ ಸರಿ?"

"ಸರಿ."

"ಹಾಗಾದರೆ ಒಳಗೆ ಆಕೆ ಲಕೋಟೆ ಮುಟ್ಟಲಿಲ್ಲ ಎಂದು ಖಚಿತವಾಗಿ ಹೇಳುತ್ತೀರಾ?"

ನೋಡದೆ ಇರುವುದನ್ನು ಆಗಲಿಲ್ಲ ಎಂದು ಹೇಗೆ ಹೇಳುವುದು? ಬೋರ್ಡಿನ ಮೇಲೆ ಎಷ್ಟು ವರ್ಷ ಬರೆದು ತೋರಿಸಿಲ್ಲ, ನಾನು ಕಾಣಲಿಲ್ಲ ಎಂಬುದರಿಂದ ಇಲ್ಲ ಎಂಬುದು ಹೊರಡುವುದಿಲ್ಲ ಎಂದು? ಕನ್ನಡಕ ಸರಿಮಾಡಿಕೊಂಡು ಹೇಳಿದೆ.

"ಇಲ್ಲ. ಮುಟ್ಟಲಿಲ್ಲ ಎಂದು ಖಚಿತವಾಗಿ ಹೇಳಲಾರೆ."

ಬರೆದುಕೊಳ್ಳುತ್ತಿದ್ದವರ ಪೆನ್ನು ಒಂದು ಸಲ ಕರಕರ ಎಂದಿತು. ಮುಟ್ಟಿದಳು ಎಂದೂ ಹೇಳಲಾರೆ ಎಂದು ಮುಂದುವರಿಸಬೇಕೆಂದಿದ್ದೆ. "ಸಾಕು, ಸಹಿ ಮಾಡಿ" ಎಂದರು. ಬರೆದದ್ದನ್ನು ಓದಿದೆ. ಒಂದಕ್ಷರವೂ ತಪ್ಪಿರಲಿಲ್ಲ. ಸಹಿ ಮಾಡಿದೆ. ಹೊರಗೆ ಹೋಗುವಾಗ ಅಂಜಿನಮ್ಮ ನನ್ನನ್ನೇ ನೋಡುತ್ತಿದ್ದಳು. ಆ ನೋಟ ಏನೆಂದು ನನಗೆ ಆಗ ತಿಳಿಯಲಿಲ್ಲ. ಮನೆಗೆ ಹೋಗಿ ಹೆಂಡತಿಗೆ, "ಸತ್ಯ ಬಿಟ್ಟು ಒಂದು ಕೂದಲೆಳೆ ಆಚೀಚೆ ಹೋಗಲಿಲ್ಲ ನೋಡು" ಎಂದು ಕೊಚ್ಚಿಕೊಂಡೆ.

ಎರಡು ತಿಂಗಳ ನಂತರ ಆದೇಶ ಬಂತು. ಅಂಜಿನಮ್ಮನನ್ನು ಕೆಲಸದಿಂದ ತೆಗೆದುಹಾಕಿದ್ದರು. ಅದರ ಪ್ರತಿಯನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಇಟ್ಟಿದ್ದರು. ನಿಂತುಕೊಂಡೇ ಓದಲು ಶುರು ಮಾಡಿದವನು ಮೂರನೆಯ ಪುಟಕ್ಕೆ ಕುರ್ಚಿ ಹಿಡಿದುಕೊಂಡೆ. ಅಲ್ಲಿ ಹೀಗಿತ್ತು: ‘ತರ್ಕಶಾಸ್ತ್ರದ ಹಿರಿಯ ಉಪನ್ಯಾಸಕರೂ ಆಪಾದಿತಳ ಬಗ್ಗೆ ಯಾವ ದ್ವೇಷವೂ ಇಲ್ಲದವರೂ ಆದ ಸಾಕ್ಷಿಯು, ಆಕೆ ಲಕೋಟೆಯನ್ನು ಮುಟ್ಟಲಿಲ್ಲವೆಂದು ಹೇಳಲು ನಿರಾಕರಿಸಿದ್ದಾರೆ. ಈ ಮಾತಿಗಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.’

ಮತ್ತೆ ಓದಿದೆ. ಮತ್ತೆ ಓದಿದೆ. ನಾನು ಹೇಳಲಾರೆ ಎಂದಿದ್ದೆ. ಅದು ನಿರಾಕರಿಸಿದ್ದಾರೆ ಎಂದಾಗಿತ್ತು. ನನಗೆ ಗೊತ್ತಿಲ್ಲ ಎಂದಿದ್ದೆ; ಅದು ಅವಳೇ ಮಾಡಿದ್ದಾಳೆ ಎಂದಾಗಿತ್ತು. ಆದರೆ ಯಾರೂ ನನ್ನ ಬಾಯಿಗೆ ಸುಳ್ಳು ತುರುಕಿರಲಿಲ್ಲ. ನನ್ನ ನಿಜವನ್ನೇ ಎತ್ತಿ ಆಕೆಯ ತಲೆಯ ಮೇಲೆ ಹಾಕಿದ್ದರು. ಪಕ್ಕದಲ್ಲಿ ಯಾರೋ "ಏನ್ ಸಾರ್, ಬೆವರ್ತಾ ಇದ್ದೀರಾ?" ಎಂದರು. ಅರ್ಧ ದಿನ ರಜೆ ಬರೆದುಕೊಟ್ಟು ಹೊರಬಿದ್ದೆ.

ಆಕೆಯ ಊರಿಗೆ ಬಸ್ಸಿನಲ್ಲಿ ಹೋಗುವಾಗ ಏನು ಹೇಳಬೇಕೆಂದು ನಾಲ್ಕೈದು ಬಗೆಯಲ್ಲಿ ಜೋಡಿಸಿಕೊಂಡಿದ್ದೆ. ಜಗಲಿಯ ಮೇಲೆ ಅಂಜಿನಮ್ಮ ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ನನ್ನನ್ನು ನೋಡಿ ಎದ್ದು, ಮೊರ ಪಕ್ಕಕ್ಕೆ ಸರಿಸಿ, "ಕೂಚೋಂಡಿ ಸಾರ್, ಕೂತ್ಕಳ್ಳಿ" ಎಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ನೀರು ತಂದುಕೊಟ್ಟಳು. ಲೋಟ ಕೈಯಲ್ಲೇ ಹಿಡಿದುಕೊಂಡೆ.

"ಅಂಜಿನಮ್ಮ, ನಾನು ಸುಳ್ಳು ಹೇಳಲಿಲ್ಲಮ್ಮ" ಎಂದೆ. ಜೋಡಿಸಿಕೊಂಡದ್ದೆಲ್ಲ ಹೋಗಿ ಬಾಯಿಗೆ ಬಂದದ್ದು ಇದು.

"ಇಲ್ಲ ಸಾರ್. ನೀವೆಲ್ಲಿ ಸುಳ್ಳು ಹೇಳ್ತೀರಾ." ಒಂದು ಕಾಯಿ ಒಡೆದು ಬೀಜ ಮೊರಕ್ಕೆ ಹಾಕಿದಳು. "ಒಂದ್ ಮಾತು ಕೇಳ್ಲಾ? ಪ್ರಿನ್ಸಿಪಾಲ್ ಸಾರು ಮುಟ್ಲಿಲ್ಲ ಅಂತ ಖಚಿತವಾಗಿ ಹೇಳ್ತೀರಾ?"

"ಇಲ್ಲ... ಅವರನ್ನೂ ನಾನು ನೋಡಿಲ್ಲ."

"ಗುಮಾಸ್ತ್ರು?"

"ಇಲ್ಲ."

"ನಾನು ಕಸ ಗುಡಿಸ್ತಾ ಇರೋವಾಗ ನೀವೊಬ್ರೇ ಕೂತಿದ್ರಲ್ಲ ಆಚೆ. ನಾನು ಬುಟ್ಟಿ ಚೆಲ್ಲಾಕೆ ಹಿತ್ಲಿಗೆ ಹೋದ್ನಲ್ಲ, ಬಾಗ್ಲು ತೆರೆದಿತ್ತು. ನೀವು ಒಳಗೆ ಹೋಗ್ಲಿಲ್ಲ ಅಂತ ನಾನು ಹೇಳೋಕಾಯ್ತದಾ?"

ಹಿಡಿದಿದ್ದ ಲೋಟವನ್ನು ಜಗಲಿಯ ಮೇಲೆ ಇಟ್ಟೆ.

"ಎಲ್ರಿಗೂ ಆಗೋ ಮಾತು ಸಾರ್ ಅದು. ನನಗೊಬ್ಳಿಗೇ ಹೆಂಗೆ ಹತ್ಕಂಡ್ತು?"

ಓದುಗರೇ, ಆ ಜಗಲಿಯ ಮೇಲೆ ನನಗೆ ಆದದ್ದನ್ನು ಹೇಗೆ ಹೇಳಲಿ. ಹೊರಗೆ ಬಿಸಿಲು ಬಂಡೆಗಳ ಮೇಲೆ ಸುರಿಯುತ್ತಿತ್ತು. ಯಾರಿಗೆ ಬೇಕಾದರೂ ಸಲ್ಲುವ ವಾಕ್ಯ ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ನನ್ನ ಪಠ್ಯಪುಸ್ತಕದ ಎರಡನೆಯ ಅಧ್ಯಾಯ ಅದು. ಸಾವಿರಾರು ಮಕ್ಕಳಿಗೆ ಕಲಿಸಿ, ಪರೀಕ್ಷೆಯಲ್ಲಿ ಕೇಳಿ, ತಪ್ಪು ಬರೆದವರ ಅಂಕ ಕಳೆದಿದ್ದೆ. ಸ್ಟೂಲಿನ ಮೇಲೆ ಕೂತು ಕೇಳಿಸಿಕೊಂಡ ಈ ಹೆಂಗಸಿಗೆ ಅದು ಅರ್ಥವಾಗಿತ್ತು. ಇಸ್ತ್ರಿ ಅಂಗಿ ಹಾಕಿಕೊಂಡು ಹೋದ ನನಗೆ, ಬೇಕಾದ ಗಳಿಗೆಯಲ್ಲಿ, ಹೊಳೆದಿರಲಿಲ್ಲ.

ಮಧುಗಿರಿಯಲ್ಲಿ ವಕೀಲಿ ಮಾಡುತ್ತಿದ್ದ ಶೈಲಜಾ ನನ್ನ ಹಳೆಯ ಶಿಷ್ಯೆ. ಮರುದಿನವೇ ಆಕೆಯ ಬಳಿ ಹೋಗಿ ಎಲ್ಲ ಹೇಳಿದೆ. ಆಕೆ ಆದೇಶವನ್ನು ಎರಡು ಸಲ ಓದಿದಳು. ಕೊನೆಗೆ, "ಯಾರು ಹೇಳಿದ್ರು, ಯಾರ ಮುಂದೆ ಹೇಳಿದ್ರು ಅನ್ನೋದು ಬೇಡ ಅಂತ ನೀವೇ ಹೇಳ್ಕೊಟ್ಟಿದ್ದು ಸಾರ್. ಕೋರ್ಟಿಗೆ ಬಂದ ಮೊದಲ ವರ್ಷಾನೇ ಅದನ್ನ ಮರೀಬೇಕಾಯ್ತು ನಾನು" ಎಂದಳು. ಮೇಲ್ಮನವಿ ಹಾಕಿದಳು. ಮೂರು ವರ್ಷ ಹಿಡಿಯಿತು. ಪ್ರತಿ ವಾಯಿದೆಗೂ ಅಂಜಿನಮ್ಮ ಬಸ್ಸಿನಲ್ಲಿ ಮಧುಗಿರಿಗೆ ಬಂದು, ಕೋರ್ಟಿನ ಮೆಟ್ಟಿಲ ಮೇಲೆ ಕೂತು, ಮುಂದಿನ ತಾರೀಖು ಕೇಳಿಕೊಂಡು ಹೋಗುತ್ತಿದ್ದಳು.

ಕೊನೆಗೊಂದು ದಿನ ನನ್ನನ್ನೂ ಮತ್ತೆ ಕರೆಸಿದರು. ಈ ಸಲ ಅಂಗಿಗೆ ಇಸ್ತ್ರಿ ಮಾಡಿಸಲಿಲ್ಲ. ಕಾಲೇಜಿನ ಪರ ವಕೀಲರು ಮಹಾ ಸೌಮ್ಯರು.

"ಮುಟ್ಟಲಿಲ್ಲ ಎಂದು ಖಚಿತವಾಗಿ ಹೇಳಲಾರೆ ಅಂತ ಹೇಳಿದ್ದು ನೀವೇ ತಾನೆ ಮೇಷ್ಟ್ರೇ?"

"ನಾನೇ."

"ಆ ಮಾತು ಸುಳ್ಳಾ?"

"ಸುಳ್ಳಲ್ಲ. ಆದರೆ—"

"ಸುಳ್ಳಲ್ಲ. ಅಷ್ಟೇ ಸ್ವಾಮಿ." ಅವರು ಕೂತುಬಿಟ್ಟರು.

ಕಟಕಟೆಯ ಮರವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮತ್ತೆ ಅದೇ ಗುಂಡಿಗೆ ಬಿದ್ದಿದ್ದೆ, ಮತ್ತೆ ನಿಜ ಹೇಳಿಯೇ. ಆಗ ಶೈಲಜಾ ಎದ್ದಳು. ಅಂಜಿನಮ್ಮ ಜಗಲಿಯ ಮೇಲೆ ಕೇಳಿದ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದಳು. ಪ್ರಿನ್ಸಿಪಾಲರು ಮುಟ್ಟಲಿಲ್ಲ ಎಂದು ಖಚಿತವಾಗಿ ಹೇಳುತ್ತೀರಾ? ಹೇಳಲಾರೆ. ಗುಮಾಸ್ತರು? ಹೇಳಲಾರೆ. ಆ ವಾರ ಆ ಕೋಣೆಗೆ ಬಂದುಹೋದ ಆಡಳಿತ ಮಂಡಳಿಯವರು? ಹೇಳಲಾರೆ. ನೀವು ಮುಟ್ಟಲಿಲ್ಲ ಎಂದು ಬೇರೆ ಯಾರಾದರೂ ಹೇಳಬಲ್ಲರಾ? ಯಾರೂ ಹೇಳಲಾರರು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು.

"ಮೇಷ್ಟ್ರೇ, ಇದನ್ನ ಆವತ್ತೇ ಯಾಕೆ ಹೇಳಲಿಲ್ಲ?"

"ಅವರು ಕೇಳಲಿಲ್ಲ ಸ್ವಾಮಿ."

ಅವರು ಕನ್ನಡಕವನ್ನು ಮೇಜಿನ ಮೇಲಿಟ್ಟರು. ನನ್ನನ್ನು ನೋಡಿದರು, ಅಷ್ಟೆ. ಯಾವ ತರಗತಿಯಲ್ಲೂ ಯಾವ ದಡ್ಡನನ್ನೂ ನಾನು ಹಾಗೆ ನೋಡಿರಲಿಕ್ಕಿಲ್ಲ.

ತೀರ್ಪು ಅಂಜಿನಮ್ಮನ ಪರವಾಗಿ ಬಂತು. ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಆದೇಶವಾಯಿತು. ಕೋರ್ಟಿನ ಮುಂದಿನ ಹೋಟೆಲಿನಲ್ಲಿ ನಾವು ಮೂವರೂ ಕಾಫಿಗೆ ಕೂತಾಗ ನಾನೇ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದೆ. ಅಂಜಿನಮ್ಮ ಶೈಲಜಾಳಿಂದ ತೀರ್ಪಿನ ಕೊನೆಯ ಸಾಲು ಓದಿಸಿದಳು. ‘ಆರೋಪ ಸಾಬೀತಾಗಿಲ್ಲ.’

"ಅಂತೇನಾ ಸಾರ್? ಅಷ್ಟೇನಾ?" ಎಂದು ನನ್ನ ಕಡೆ ತಿರುಗಿದಳು. "ಸಾಬೀತಾಗಿಲ್ಲ ಅಂದ್ರೆ ನಾನು ಮಾಡಿಲ್ಲ ಅಂತಾನಾ?"

ಶೈಲಜಾ ಲೋಟದ ಕಡೆ ನೋಡಿದಳು. ಎರಡೂ ಒಂದೇ ಅಲ್ಲ. ಸಾಬೀತಾಗಿಲ್ಲ ಎಂದರೆ ಮಾಡಿರಬಹುದು, ಮಾಡದೆಯೂ ಇರಬಹುದು, ತೋರಿಸಲಾಗಲಿಲ್ಲ ಎಂದಷ್ಟೆ. ಕಾನೂನಿಗೆ ಅಷ್ಟು ಸಾಕು. ತರ್ಕಕ್ಕೂ ಸಾಕು. ಮೂರು ವರ್ಷ ಬಸ್ಸಿನಲ್ಲಿ ಓಡಾಡಿದ ಹೆಂಗಸಿಗೆ ಅದು ಏನೇನೂ ಅಲ್ಲ ಎಂಬುದು ಅವಳ ಮುಖದಲ್ಲಿ ಬರೆದಿತ್ತು. ನನಗೆ ಆಘಾತವಾಯಿತು. ಗೆದ್ದಿದ್ದೇವೆ ಎಂದುಕೊಂಡು ಕೂತಿದ್ದ ನನಗೆ ಆ ಗೆಲುವು ಯಾವ ವಾಕ್ಯದ ಮೇಲೆ ನಿಂತಿದೆ ಎಂದು ಕಾಣಿಸಿತು.

"ನೀವು ಹೇಳಿ ಸಾರ್" ಎಂದಳು.

ಮೊಹರು ಒಡೆದದ್ದು ಯಾರೆಂದು ಆಗ ಗೊತ್ತಿರಲಿಲ್ಲ, ಇವತ್ತಿಗೂ ಯಾರಿಗೂ ಗೊತ್ತಾಗಿಲ್ಲ. ಆ ಅರ್ಧ ಮುಚ್ಚಿದ ಬಾಗಿಲಿನ ಹಿಂದೆ ಏನಾಯಿತೆಂದು ನಾನು ನೋಡಿರಲಿಲ್ಲ. ಆದರೆ ಒಂಬತ್ತು ವರ್ಷ ಅವಳನ್ನು ನೋಡಿದ್ದೆ.

"ನೀನು ಮುಟ್ಟಿಲ್ಲ ಅಂಜಿನಮ್ಮ" ಎಂದೆ.

ಆಕೆ ಕಣ್ಣು ಒರೆಸಿಕೊಳ್ಳಲಿಲ್ಲ, ನಗಲಿಲ್ಲ. ಕಾಫಿ ಲೋಟವನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟಳು.

"ಈ ಮಾತು ಆವತ್ತು ಎಲ್ಲಿತ್ತು ಸಾರ್?"

ಅಷ್ಟೇ ಕೇಳಿದಳು. ಆಕೆ ಕೆಲಸಕ್ಕೆ ಮರಳಿ ಒಂದು ವರ್ಷ ಗಂಟೆ ಹೊಡೆದಳು. ಸ್ಟಾಫ್ ರೂಮಿಗೆ ಆಕೆ ಬಂದಾಗ ಮೇಜಿನ ಡ್ರಾಯರು ಎಳೆದು ಬೀಗ ಹಾಕುವವರಿದ್ದರು. ಆಕೆ ನೋಡಿಯೂ ನೋಡದಂತೆ ನೀರು ತುಂಬಿಸಿ ಹೋಗುತ್ತಿದ್ದಳು. ನಿವೃತ್ತಿಯ ದಿನ ಕಾಲೇಜಿನವರು ಶಾಲು ಹೊದಿಸಿದರು. ಭಾಷಣ ಮಾಡಲು ನನ್ನನ್ನೂ ಕರೆದರು. ಎದ್ದು ನಿಂತವನು ಆಕೆಗೆ ಕೈಮುಗಿದು ಕೂತೆ.

ಅಂಚೆ ಕಚೇರಿಯಿಂದ ಮನೆಗೆ ಬಂದ ಆ ಮಧ್ಯಾಹ್ನವೇ ಬಾಗಿಲಲ್ಲಿ ಒಬ್ಬ ಪೊಲೀಸ್ ಪೇದೆ ನಿಂತಿದ್ದರು. ಪಕ್ಕದ ಮನೆಯ ದರ್ಜಿ ತಯ್ಯಬ್ ಸಾಬರ ಮಗಳು ನಸೀಮಾಗೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಆಗಿದೆಯಂತೆ. ನಡತೆ ವಿಚಾರಣೆಗೆ ಬಂದಿದ್ದರು. ಕೈಯಲ್ಲಿ ಒಂದು ಫಾರಂ ಇತ್ತು.

"ಇವ್ರ ಮನೆಯವ್ರ ಮೇಲೆ ದೂರು ಗೀರು ಏನಾದ್ರೂ ಗೊತ್ತಾ ಸಾರ್? ಇದೆ, ಇಲ್ಲ, ಅಷ್ಟು ಹೇಳಿದ್ರೆ ಸಾಕು. ಇನ್ನೂ ನಾಲ್ಕು ಕಡೆ ಹೋಗ್ಬೇಕು."

"ಇಲ್ಲ" ಎಂದೆ. ಅವರು ಗುರುತು ಹಾಕಿ ಹೊರಡಲು ತಿರುಗಿದರು. "ಸ್ವಲ್ಪ ಇರಿ" ಎಂದೆ. ಕುರ್ಚಿ ತಂದು ಹಾಕಿದೆ.

"ಕೂತ್ಕೊಳ್ಳಿ. ಆ ಹುಡುಗಿ ವಿಷಯ ಹೇಳ್ತೀನಿ, ಬರ್ಕೊಳ್ಳಿ. ಹೋದ ವರ್ಷ ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದಾಗ ನಲವತ್ತು ದಿನ ದಿನಾ ಬಂದು ಕಾಲಿಗೆ ಪಟ್ಟಿ ಕಟ್ಟಿದವಳು ಅವಳು. ಒಳ್ಳೆಯವಳು. ನಾನು ಹೇಳ್ತಾ ಇದ್ದೀನಿ."

ಪೇದೆ ಫಾರಂ ತಿರುಗಿಸಿ ಮುರುಗಿಸಿ ನೋಡಿದರು. "ಸಾರ್, ಇದನ್ನೆಲ್ಲ ಕೇಳಿಲ್ಲ ಇದ್ರಲ್ಲಿ. ಕಾಲಂನಲ್ಲಿ ಜಾಗಾನೂ ಇಲ್ಲ."

"ಹಿಂದ್ಗಡೆ ಖಾಲಿ ಇದೆಯಲ್ಲ" ಎಂದೆ. "ಅಲ್ಲಿ ಬರೀರಿ. ಸಹಿ ನಾನು ಹಾಕ್ತೀನಿ."